ಬೋರ್ಡ್ ಆಗ್ಲಿಲ್ಲ ಅಂದ್ರೆ ಮನೆಗೆ ಕಳಿಸ್ತಾರಾ?

ಸೇನೆಯಲ್ಲಿ ಆಫೀಸರ್‌ಗಳ ಪ್ರಮೋಷನ್ ಹೇಗೆ ನಡೆಯುತ್ತೆ ಅಂತ ಕೇಳೋದಿದ್ರೆ ಬರೀರಿ ಅಂತ ಹೋದ ಸಂಚಿಕೇಲಿ ಹೇಳಿದ್ದೆ. ತೀರ್ಥಹಳ್ಳಿ, ಸಾಗರ, ಶಿಕಾರಿಪುರ, ಶಿವಮೊಗ್ಗ ಅಂತ ಎಲ್ಲಾ ಕಡೆಯಿಂದ ಬಂದಿವೆ, ಹೆಸರು ಹಾಕಬೇಡಿ ಅಂದವ್ರೇ ಜಾಸ್ತಿ, ಅದಕ್ಕೇ ಯಾರ ಹೆಸರನ್ನೂ ಹಾಕ್ತಿಲ್ಲ. ನಾನು ಹೊಸನಗರ ತಾಲೂಕಿನವ್ನು, ಇನ್‌ಫೆಂಟ್ರಿಯಲ್ಲಿ, ಅಂದ್ರೆ ಕಾಲಾಳು ಪಡೆಯಲ್ಲಿದ್ದು, ಕರ್ನಲ್ ಆಗಿ ರಿಟೈರ್ ಆದವ್ನು, ಹಾಗಾಗಿ ಉದಾಹರಣೆ ಜಾಸ್ತಿ ಆರ್ಮಿಯದ್ದೇ ಬರುತ್ತೆ, ನೇವಿ ಏರ್‌ಫೋರ್ಸ್‌ನವ್ರು ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಸರ್, ಮಗ ಸೆಕೆಂಡ್ ಪಿಯುಸಿ ಸೈನ್ಸ್. ಎನ್‌ಡಿಎ (ನ್ಯಾಷನಲ್ ಡಿಫೆನ್ಸ್ ಅಕಾಡೆಮಿ) ಬರೀತೀನಿ ಅಂತ ಹಠ ಹಿಡಿದಿದಾನೆ. ಇವರ ಅಪ್ಪ "ಹೋದ್ರೆ ಜನರಲ್ ಆಗೋ ತನಕ ಹೋಗ್ಬೇಕು, ಅರ್ಧಕ್ಕೆ ನಿಲ್ಲೋದಾದ್ರೆ ಇಂಜಿನಿಯರಿಂಗೇ ಓದ್ಲಿ" ಅಂತಾರೆ. ಜನರಲ್ ಆಗಕ್ಕೆ ಎಷ್ಟು ವರ್ಷ ಬೇಕು? ಕಷ್ಟಪಟ್ರೆ ಎಲ್ರೂ ಆಗ್ತಾರಾ?
— ಗೃಹಿಣಿ, ತೀರ್ಥಹಳ್ಳಿ ತಾಲೂಕು

ಅಮ್ಮಾ, ಎರಡನೇ ಪ್ರಶ್ನೆಗೆ ಮೊದ್ಲು ಉತ್ತರ ಕೊಡ್ತೀನಿ. ಆಗಲ್ಲ. ಕಷ್ಟಪಟ್ಟವ್ರೆಲ್ಲ ಆಗೋ ಹಾಗಿದ್ರೆ ಸೈನ್ಯದಲ್ಲಿ ಬರೀ ಜನರಲ್‌ಗಳೇ ಇರ್ತಿದ್ರು. ಇದನ್ನ ನಿಮ್ಮ ಯಜಮಾನ್ರಿಗೆ ಲೆಕ್ಕದಲ್ಲೇ ತೋರಿಸಿ. ಒಂದು ಬೆಟಾಲಿಯನ್‌ಗೆ, ಅಂದ್ರೆ ಸುಮಾರು 800 ಜನಕ್ಕೆ, ಒಬ್ಬ ಕರ್ನಲ್ ಕಮಾಂಡಿಂಗ್ ಆಫೀಸರ್. ಸಾಮಾನ್ಯವಾಗಿ ಅಂಥ ಮೂರು ಬೆಟಾಲಿಯನ್ ಸೇರಿ ಒಂದು ಬ್ರಿಗೇಡ್, ಅದಕ್ಕೆ ಒಬ್ಬ ಬ್ರಿಗೇಡಿಯರ್. ಮೂರು ಬ್ರಿಗೇಡಿಗೆ ಒಂದು ಡಿವಿಷನ್, ಅಲ್ಲಿ ಒಬ್ಬ ಮೇಜರ್ ಜನರಲ್. ಎರಡು ಮೂರು ಡಿವಿಷನ್ ಸೇರಿದ್ರೆ ಕೋರ್, ಅದಕ್ಕೆ ಒಬ್ಬ ಲೆಫ್ಟಿನೆಂಟ್ ಜನರಲ್. ಅದರ ಮೇಲೆ ಇಡೀ ದೇಶಕ್ಕೆ ಆರ್ಮಿ ಕಮಾಂಡ್ ಅಂತ ಇರೋದೇ ಏಳು, ಉಧಂಪುರ, ಚಂಡಿಮಂದಿರ್, ಪುಣೆ, ಕೋಲ್ಕತ್ತಾ, ಲಕ್ನೋ, ಜೈಪುರ, ಮತ್ತೆ ಶಿಮ್ಲಾದಲ್ಲಿರೋ ಟ್ರೈನಿಂಗ್ ಕಮಾಂಡ್. ಏಳು ಕುರ್ಚಿ ಆದ್ಮೇಲೆ ಒಂದು ಕುರ್ಚಿ, ಇಡೀ ಸೇನೆಯ ಮುಖ್ಯಸ್ಥ ಚೀಫ್‌ದು. ಒಂದೊಂದು ಮೆಟ್ಟಿಲಲ್ಲೂ ಮೂರರಲ್ಲಿ ಇಬ್ರು ನಿಲ್ಲಲೇಬೇಕು, ಅವರಲ್ಲಿ ಕೊರತೆ ಇದೆ ಅಂತಲ್ಲ, ಮೇಲೆ ಜಾಗ ಇಲ್ಲ.

ಈಗ ವರ್ಷದ ಲೆಕ್ಕ. ಹುಡುಗ ಹದಿನಾರೂವರೆಯಿಂದ ಹತ್ತೊಂಬತ್ತೂವರೆ ವಯಸ್ಸಿನ ಒಳಗೆ ಸೇರ್ಬೇಕು. ಮೂರು ವರ್ಷ ಪುಣೆ ಹತ್ರ ಖಡಕ್‌ವಾಸ್ಲಾದಲ್ಲಿ ಎನ್‌ಡಿಎ, ಆರ್ಮಿ ತಗೊಂಡ್ರೆ ಆಮೇಲೆ ಒಂದು ವರ್ಷ ಡೆಹ್ರಾಡೂನ್‌ನ ಐಎಂಎ, ಅಂದ್ರೆ ಇಂಡಿಯನ್ ಮಿಲಿಟರಿ ಅಕಾಡೆಮಿ. ಪಾಸಿಂಗ್ ಔಟ್ ಪರೇಡ್ ಮುಗಿದ್ಮೇಲೆ ಅಪ್ಪ ಅಮ್ಮನೇ ಹೆಗಲ ಮೇಲಿನ ನಕ್ಷತ್ರದ ಮುಚ್ಚು ಬಟ್ಟೆ ತೆಗೀತಾರೆ, ಆ ದಿನ ನೀವು ಅಲ್ಲಿ ನಿಂತಾಗ ಈ ಜನರಲ್ ಪ್ರಶ್ನೆ ನಿಮಗೆ ನೆನಪೂ ಆಗಲ್ಲ. ಎರಡು ನಕ್ಷತ್ರದ ಲೆಫ್ಟಿನೆಂಟ್. ಎರಡು ವರ್ಷಕ್ಕೆ ಕ್ಯಾಪ್ಟನ್, ಆರು ವರ್ಷಕ್ಕೆ ಮೇಜರ್, ಹದಿಮೂರು ವರ್ಷಕ್ಕೆ ಲೆಫ್ಟಿನೆಂಟ್ ಕರ್ನಲ್. ಇಲ್ಲಿ ತನಕ ಟೈಮ್ ಸ್ಕೇಲ್. ಪಾರ್ಟ್ ಬಿ, ಪಾರ್ಟ್ ಡಿ ಅಂತ ಪ್ರಮೋಷನ್ ಎಕ್ಸಾಮ್ ಪಾಸಾಗಿ, ಕೆಲಸ ಸರಿಯಾಗಿ ಮಾಡ್ಕೊಂಡು, ಮೆಡಿಕಲ್ ಸರಿ ಇದ್ರೆ ವರ್ಷ ಆದ ಹಾಗೆ ರ್‍ಯಾಂಕ್ ಬರುತ್ತೆ. 2004ಕ್ಕಿಂತ ಮುಂಚೆ ಇಷ್ಟು ಬೇಗ ಬರ್ತಿರ್ಲಿಲ್ಲ, ಅಜಯ್ ವಿಕ್ರಮ್ ಸಿಂಗ್ ಕಮಿಟಿ ಹೇಳಿದ್ಮೇಲೆ ವರ್ಷ ಕಮ್ಮಿ ಮಾಡಿದ್ರು.

ಕರ್ನಲ್‌ನಿಂದ ಮೇಲೆ ಬೇರೆ ಪ್ರಪಂಚ. ಅಲ್ಲಿ ಸೆಲೆಕ್ಷನ್ ಬೋರ್ಡ್, ಅಂದ್ರೆ ಹಿರಿಯ ಅಧಿಕಾರಿಗಳು ಕೂತು ದಾಖಲೆ ನೋಡಿ ಆರಿಸೋ ಸಮಿತಿ. ಕರ್ನಲ್‌ಗೆ ನಂಬರ್ 3 ಬೋರ್ಡ್, ಬ್ರಿಗೇಡಿಯರ್‌ಗೆ ನಂಬರ್ 2, ಮೇಜರ್ ಜನರಲ್‌ಗೆ ನಂಬರ್ 1, ಲೆಫ್ಟಿನೆಂಟ್ ಜನರಲ್‌ಗೆ ಸ್ಪೆಷಲ್ ಸೆಲೆಕ್ಷನ್ ಬೋರ್ಡ್. ಇದನ್ನೂ ಎಸ್ಎಸ್‌ಬಿ ಅಂತಾರೆ, ನಿಮ್ಮ ಮಗ ಮೊದಲು ಎದುರಿಸೋ ಐದು ದಿನದ ಎಸ್ಎಸ್‌ಬಿ ಇಂಟರ್‌ವ್ಯೂನೇ ಬೇರೆ, ಗೊಂದಲ ಮಾಡ್ಕೋಬೇಡಿ. ನಮ್ಮ ರಾಜ್ಯದ್ದೇ ಉದಾಹರಣೆ ಕೊಡ್ತೀನಿ. ಬಗ್ಗವಳ್ಳಿ ಸೋಮಶೇಖರ ರಾಜು ಅವರು ವಿಜಯಪುರದ ಸೈನಿಕ ಶಾಲೆಯಲ್ಲಿ ಓದಿ ಎನ್‌ಡಿಎಗೆ ಹೋದವ್ರು. 1984ರ ಡಿಸೆಂಬರ್‌ನಲ್ಲಿ ಜಾಟ್ ರೆಜಿಮೆಂಟಿಗೆ ಕಮಿಷನ್ ಆದ್ರು, ಅಂದ್ರೆ ಆಫೀಸರ್ ಆಗಿ ಸೇರಿದ್ರು, 2020ರಲ್ಲಿ ಕಾಶ್ಮೀರದ ಚಿನಾರ್ ಕೋರ್ ಕಮಾಂಡರ್, 2022ರ ಮೇ ತಿಂಗಳಲ್ಲಿ ವೈಸ್ ಚೀಫ್. ಅಂದ್ರೆ ನಕ್ಷತ್ರ ಹಾಕ್ಕೊಂಡ ದಿನದಿಂದ ಕೋರ್ ಕಮಾಂಡರ್ ಆಗೋಕೆ 35 ವರ್ಷ. ಹುಡುಗ 22ಕ್ಕೆ ಕಮಿಷನ್ ಆದ್ರೆ ಅಷ್ಟೊತ್ತಿಗೆ 57, ಲೆಫ್ಟಿನೆಂಟ್ ಜನರಲ್ ರಿಟೈರ್ ಆಗೋದೇ 60ಕ್ಕೆ. ಚೀಫ್‌ಗೆ 62 ವಯಸ್ಸು ಇಲ್ಲಾ ಮೂರು ವರ್ಷ, ಯಾವುದು ಮೊದಲೋ ಅದು. ಹಾಗಾಗಿ ಒಳ್ಳೇ ದಾಖಲೆ ಇದ್ರೂ ಹುಟ್ಟಿದ ತಾರೀಖು ಆರು ತಿಂಗಳು ಹಿಂದೆ ಮುಂದೆ ಆಗಿ ಅವಕಾಶ ತಪ್ಪಿದವ್ರು ಎಷ್ಟೋ ಜನ. ಹುಟ್ಟಿದ ತಾರೀಖಿಗೆ ಯಾರು ಏನು ಮಾಡಕ್ಕಾಗುತ್ತೆ ಹೇಳಿ.

"ಅರ್ಧಕ್ಕೆ ನಿಲ್ಲೋದು" ಅನ್ನೋ ಮಾತು ದಯವಿಟ್ಟು ಮಗನ ಮುಂದೆ ಆಡಬೇಡಿ ಅಂತ ಯಜಮಾನ್ರಿಗೆ ಹೇಳಿ. 800 ಜನರ ಪ್ರಾಣದ ಜವಾಬ್ದಾರಿ ಹೊತ್ತ ಕರ್ನಲ್ ಅರ್ಧಕ್ಕೆ ನಿಂತವನಲ್ಲ.

ಪ್ರಶ್ನೆ: ಅಣ್ಣಾ ಅಂತ ಕರೀತೀನಿ ತಪ್ಪು ತಿಳ್ಕೋಬೇಡಿ. ನನ್ನ ಯಜಮಾನ್ರು ಲೆಫ್ಟಿನೆಂಟ್ ಕರ್ನಲ್. ಈ ಸಲ ಕರ್ನಲ್ ಬೋರ್ಡ್‌ನಲ್ಲಿ ಅವರದ್ದು ಆಗ್ಲಿಲ್ಲ. ಫೋನಲ್ಲಿ ಮಾತೇ ಕಮ್ಮಿ ಮಾಡಿದಾರೆ. ಹೋದ ವಾರ ಊರಲ್ಲಿ ಮದುವೆ ಮನೆಯಲ್ಲಿ "ಏನು ತಪ್ಪು ಮಾಡಿದ್ರಂತೆ" ಅಂತ ಒಬ್ರು ನೇರವಾಗೇ ಕೇಳಿದ್ರು, ಊಟ ಸೇರ್ಲಿಲ್ಲ. ಇವರನ್ನ ಮನೆಗೆ ಕಳಿಸ್ತಾರಾ?
— ಸಾಗರ

ತಂಗಿ, ಕಳಿಸಲ್ಲ. ಮೊದಲು ಅದನ್ನ ಮನಸ್ಸಿಂದ ತೆಗೆದುಹಾಕು. ಪರ್ಮನೆಂಟ್ ಕಮಿಷನ್, ಅಂದ್ರೆ ರಿಟೈರ್ ಆಗೋ ತನಕದ ಸರ್ವಿಸ್, ಇರೋ ಲೆಫ್ಟಿನೆಂಟ್ ಕರ್ನಲ್ ಸಾಮಾನ್ಯವಾಗಿ 54 ವಯಸ್ಸಿನ ತನಕ ಸರ್ವಿಸ್‌ನಲ್ಲಿ ಇರ್ತಾರೆ, ಬೋರ್ಡ್ ಆಗ್ಲಿ ಬಿಡ್ಲಿ. ಸೆಲೆಕ್ಷನ್‌ನಲ್ಲಿ ಆಗದೇ ಇದ್ರೂ 26 ವರ್ಷ ಸರ್ವಿಸ್ ಮುಗಿದ್ಮೇಲೆ ಕರ್ನಲ್ ಟೈಮ್ ಸ್ಕೇಲ್ ಅಂತ ರ್‍ಯಾಂಕ್ ಬರುತ್ತೆ.

ಎರಡನೇದು, ಇದು ಮೊದಲನೇ ಸಲ ಅಂತ ನಿನ್ನ ಪತ್ರ ನೋಡಿದ್ರೆ ಅನ್ಸುತ್ತೆ. ಒಬ್ಬ ಆಫೀಸರ್‌ನ ಮೂರು ಸಲ ನೋಡ್ತಾರೆ, ಫ್ರೆಶ್, ಆಮೇಲೆ ಫಸ್ಟ್ ರಿವ್ಯೂ, ಆಮೇಲೆ ಫೈನಲ್ ರಿವ್ಯೂ. ಮಧ್ಯದಲ್ಲಿ ಬರೋ ಹೊಸ ಎಸಿಆರ್, ಅಂದ್ರೆ ವರ್ಷದ ಗೌಪ್ಯ ವರದಿ, ಲೆಕ್ಕಕ್ಕೆ ಸೇರುತ್ತೆ. ರಿವ್ಯೂನಲ್ಲಿ ಆಗಿ ಒಳ್ಳೇ ಬೆಟಾಲಿಯನ್ ನಡೆಸಿದವ್ರನ್ನ ನಾನೇ ನೋಡಿದೀನಿ.

"ಏನು ತಪ್ಪು ಮಾಡಿದ್ರು" ಅಂತ ಕೇಳಿದವ್ರ ಬಗ್ಗೆ ಸ್ವಲ್ಪ ಜಾಸ್ತಿ ಬರೀತೀನಿ, ಯಾಕಂದ್ರೆ ನಮ್ಮ ಕಡೆ ಊರಲ್ಲಿ ಇದು ದೊಡ್ಡ ಕಾಯಿಲೆ. ತಪ್ಪು ಮಾಡಿದ್ರೆ ಅದಕ್ಕೆ ಕೋರ್ಟ್ ಆಫ್ ಎನ್‌ಕ್ವೈರಿ ಇದೆ, ಕೋರ್ಟ್ ಮಾರ್ಷಲ್ ಇದೆ, ಅದರ ದಾರಿನೇ ಬೇರೆ. ಪ್ರಮೋಷನ್ ಬೋರ್ಡ್ ತಪ್ಪು ಹುಡುಕೋಕೆ ಕೂರಲ್ಲ. ಪ್ರತಿ ವರ್ಷ ಆಫೀಸರ್‌ಗೆ ಎಸಿಆರ್ ಬರೀತಾರೆ, ಅವನ ನೇರ ಬಾಸ್ ಇನಿಷಿಯೇಟಿಂಗ್ ಆಫೀಸರ್, ಅವರ ಮೇಲಿನವ್ರು ರಿವ್ಯೂಯಿಂಗ್, ಅವರ ಮೇಲಿನವ್ರು ಸೀನಿಯರ್ ರಿವ್ಯೂಯಿಂಗ್. ಒಂದೊಂದು ಗುಣಕ್ಕೆ ಒಂಬತ್ತರಲ್ಲಿ ಇಷ್ಟು ಅಂತ ಅಂಕಿ ಹಾಕ್ತಾರೆ. ಒಂಬತ್ತು ಅಂದ್ರೆ ಅಸಾಧಾರಣ, ಏಳು ಎಂಟು ಅಂದ್ರೂ ತುಂಬಾ ಒಳ್ಳೇದೇ. ಆದ್ರೆ ಒಂದು ಬ್ಯಾಚಲ್ಲಿ ಎಲ್ರೂ ಎಂಟು ಒಂಬತ್ತರಲ್ಲೇ ಇರೋವಾಗ ಯಾವುದೋ ವರ್ಷ ಒಬ್ಬ ಬಿಗಿ ಕೈಯಿನ ಬಾಸ್ ಎಲ್ಲಾ ಕಡೆ ಎಂಟು ಹಾಕಿದ್ರೆ ಸಾಕು, ಹತ್ತು ವರ್ಷ ಆದ್ಮೇಲೆ ಆ ಎಂಟು ಬಂದು ಅಡ್ಡ ನಿಲ್ಲುತ್ತೆ. ಅದರ ಜೊತೆ ಆ ವರ್ಷ ಆ ಆರ್ಮ್‌ನಲ್ಲಿ (ಇನ್‌ಫೆಂಟ್ರಿ ಥರದ ವಿಭಾಗದಲ್ಲಿ) ಎಷ್ಟು ವೇಕೆನ್ಸಿ, ಕೋರ್ಸ್ ಗ್ರೇಡಿಂಗ್ ಏನು, ಶೌರ್ಯ ಪದಕ ಇದೆಯಾ, ಇವೆಲ್ಲ. ಯಾರೋ ಒಬ್ರಿಗಿಂತ ದಶಾಂಶದಷ್ಟು ಹಿಂದೆ ಬಿದ್ದವನಿಗೆ ಮದುವೆ ಮನೇಲಿ ತಪ್ಪು ಮಾಡಿದ ಅಂತ ಹೆಸರು ಬರೋದು ಎಷ್ಟು ಅನ್ಯಾಯ.

ನಂದೂ ಆಗ್ಲಿಲ್ಲ, ಅದನ್ನ ಹೇಳಲೇಬೇಕು. ಬೆಟಾಲಿಯನ್ ಕಮಾಂಡ್ ಮುಗಿಸಿ ಒಂದು ಹೆಡ್‌ಕ್ವಾರ್ಟರ್ಸ್‌ನಲ್ಲಿ ಇದ್ದೆ, ನಂಬರ್ 2 ಬೋರ್ಡ್ ರಿಸಲ್ಟ್ ಬಂದ ದಿನ ಕೋರ್ಸ್‌ಮೇಟ್ ಫೋನ್ ಮಾಡಿ ತನ್ನದು ಆಗಿದೆ ಅಂತ ಹೇಳಕ್ಕೂ ಹಿಂಜರಿದ. ಸಂಜೆ ಅಮ್ಮನಿಗೆ ಫೋನ್ ಮಾಡ್ದೆ. ಅವಳು ಅಡಿಕೆ ಸುಲೀತಾ ಕೂತಿದ್ಲು, ಮೆಟ್ಟುಗತ್ತಿ ಸದ್ದು ಕೇಳ್ತಿತ್ತು. ವಿಷಯ ಹೇಳಿದ್ಮೇಲೆ ಸದ್ದು ನಿಲ್ತು. "ಸಂಬಳ ಕಮ್ಮಿ ಮಾಡ್ತಾರಾ" ಅಂದ್ಲು. ಇಲ್ಲಮ್ಮ ಅಂದೆ. "ಹಂಗಾದ್ರೆ ಮಳೆಗಾಲಕ್ಕೆ ಬಾ, ಔಷಧಿ ಹೊಡೆಯೋಕೆ ಜನ ಸಿಕ್ತಿಲ್ಲ" ಅಂದ್ಲು, ಮತ್ತೆ ಮೆಟ್ಟುಗತ್ತಿ ಶುರು ಆಯ್ತು. ಆವತ್ತು ನನಗೆ ಬೇಕಾಗಿದ್ದ ಮಾತು ಅದೇ. ಸಮಾಧಾನದ ಮಾತು ಹೇಳಿದ್ರೆ ನಾನು ಅತ್ತುಬಿಡ್ತಿದ್ದೆ.

ನೋವಿನ ದಿನ ಅದಲ್ಲ, ಅದಾಗಿ ಎರಡು ವರ್ಷಕ್ಕೆ ಬಂತು. ನನಗಿಂತ ಎರಡು ಬ್ಯಾಚ್ ಚಿಕ್ಕವನು ಬ್ರಿಗೇಡಿಯರ್ ಆಗಿ ನಮ್ಮ ಹೆಡ್‌ಕ್ವಾರ್ಟರ್ಸ್‌ಗೇ ಬಂದ. ಮೊದಲ ದಿನ ಎದ್ದು ಸೆಲ್ಯೂಟ್ ಮಾಡುವಾಗ ಕೈ ಮೇಲೆ ಹೋಯ್ತು, ಅದು ಸೈನ್ಯದ ಕೈ, ತಾನಾಗೇ ಹೋಗುತ್ತೆ, ಆದ್ರೆ ಎದೆಯಲ್ಲಿ ಏನೋ ಕಟ್ಟಿದ ಹಾಗೆ. ಜನ ಎಲ್ಲ ಹೊರಗೆ ಹೋದ್ಮೇಲೆ ಅವನು ಬಾಗಿಲು ಹಾಕಿ "ಸರ್, ಕೂತ್ಕೊಳ್ಳಿ" ಅಂದ. ಅಲ್ಲಿರೋ ತನಕ ನಾವಿಬ್ರೇ ಇದ್ದಾಗೆಲ್ಲ ಸರ್ ಅಂತಲೇ ಕರೆದ. ಹೀಗೆ ಕರೆಯೋದು ನಮ್ಮಲ್ಲಿ ಹಳೇ ರೂಢಿ, ರೂಲ್ ಬುಕ್ಕಲ್ಲಿ ಇಲ್ಲ.

ಈಗ ಕೆಲಸದ ಮಾತು. ಎಸಿಆರ್‌ನಲ್ಲಿ ನಿಜವಾಗಿ ಅನ್ಯಾಯ ಆಗಿದೆ ಅಂತ ನಿನ್ನ ಯಜಮಾನ್ರಿಗೆ ಅನ್ಸಿದ್ರೆ ದಾರಿ ಇದೆ, 1950ರ ಆರ್ಮಿ ಆಕ್ಟ್‌ನ 27ನೇ ಸೆಕ್ಷನ್ ಪ್ರಕಾರ ಕೇಂದ್ರ ಸರ್ಕಾರಕ್ಕೆ ಸ್ಟ್ಯಾಚುಟರಿ ಕಂಪ್ಲೇಂಟ್ ಹಾಕ್ಬಹುದು, ಅಲ್ಲೂ ಆಗದಿದ್ರೆ 2009ರಿಂದ ಆರ್ಮ್ಡ್ ಫೋರ್ಸಸ್ ಟ್ರಿಬ್ಯೂನಲ್ ಇದೆ. ಕಂಪ್ಲೇಂಟ್ ಒಪ್ಪಿ ಒಂದು ಎಸಿಆರ್‌ನ ಆ ಭಾಗ ತೆಗೆದುಹಾಕಿದ್ರೆ ಮತ್ತೆ ಬೋರ್ಡ್‌ಗೆ ಹೋಗೋ ಅವಕಾಶ ಬರುತ್ತೆ. ಹಾಗಂತ ಬೋರ್ಡ್ ಆಗದವ್ರೆಲ್ಲ ಕೇಸ್ ಹಾಕೋದು ನನಗೆ ಸರಿ ಕಾಣಲ್ಲ, ಗಟ್ಟಿ ಕಾರಣ ಇದ್ರೆ ಮಾತ್ರ. 20 ವರ್ಷ ಸರ್ವಿಸ್ ಆಗಿದ್ರೆ ಪೆನ್ಷನ್ ಜೊತೆ ಮುಂಚೆನೇ ಬಿಡೋದಕ್ಕೆ ಅರ್ಜಿ ಹಾಕ್ಬಹುದು, ಸಿಟ್ಟಲ್ಲಿ ಈ ತಿಂಗಳೇ ಅದನ್ನ ಬರೆಯೋದು ಮಾತ್ರ ಬೇಡ ಅಂತ ಹೇಳು. ಫೋನಲ್ಲಿ ಬೋರ್ಡ್ ವಿಷಯ ತೆಗೀಬೇಡ. ಮಕ್ಕಳ ಶಾಲೆ, ಮನೆ ಹಂಚು, ಲಿಂಗನಮಕ್ಕಿಗೆ ಎಷ್ಟು ನೀರು ಬಂತು, ಇಂಥದ್ದು ಮಾತಾಡು. ಅವರಾಗೇ ಒಂದು ದಿನ ಹೇಳ್ತಾರೆ, ಆವತ್ತು ಸುಮ್ನೆ ಕೇಳು.

ಪ್ರಶ್ನೆ: ಸರ್, ನಾನು ಶಿವಮೊಗ್ಗದಲ್ಲಿ ಫಸ್ಟ್ ಪಿಯುಸಿ ಕಾಮರ್ಸ್ ಓದ್ತಿದೀನಿ, ಎನ್‌ಸಿಸಿಯಲ್ಲಿದೀನಿ. ಹುಡುಗಿ ಜನರಲ್ ಆಗ್ಬಹುದಾ? ಕಾಮರ್ಸ್ ಇದ್ರೆ ಎನ್‌ಡಿಎ ಸಿಗಲ್ಲ ಅಂತ ಫ್ರೆಂಡ್ಸ್ ಹೇಳ್ತಾರೆ.

ಮಗಾ, ಫ್ರೆಂಡ್ಸ್ ಹೇಳಿದ್ದು ಅರ್ಧ ಸರಿ. ಏರ್‌ಫೋರ್ಸ್, ನೇವಿಗೆ ಪಿಯುಸಿಯಲ್ಲಿ ಫಿಸಿಕ್ಸ್ ಮ್ಯಾಥ್ಸ್ ಎಲ್ಲ ಬೇಕು. ಆರ್ಮಿ ವಿಂಗ್‌ಗೆ ಯಾವ ಪಿಯುಸಿ ಆದ್ರೂ ಆಗುತ್ತೆ. ಆದ್ರೆ ಎಕ್ಸಾಮ್‌ನಲ್ಲಿ ಮ್ಯಾಥ್ಸ್ ಪೇಪರ್ ಎಲ್ರಿಗೂ ಒಂದೇ, 300 ಮಾರ್ಕು, 120 ಪ್ರಶ್ನೆ, ತಪ್ಪಾದ್ರೆ ಮಾರ್ಕು ಕಳೀತಾರೆ. ಇನ್ನೊಂದು 600 ಮಾರ್ಕಿನ ಜನರಲ್ ಎಬಿಲಿಟಿ. ನೀನು ಈಗಿಂದಲೇ ಸೈನ್ಸ್‌ನವ್ರ ಮ್ಯಾಥ್ಸ್ ಪುಸ್ತಕ ತಗೊಂಡು ದಿನಾ ಒಂದು ಗಂಟೆ ಕೂರ್ಬೇಕು, ಇಲ್ಲಾಂದ್ರೆ ಆಗಲ್ಲ. ಎನ್‌ಡಿಎ ಆಗದಿದ್ರೆ ಡಿಗ್ರಿ ಮಾಡಿ ಸಿಡಿಎಸ್ ಅನ್ನೋ ಎಕ್ಸಾಮ್ ಬರೆದು ಚೆನ್ನೈನ ಒಟಿಎ, ಅಂದ್ರೆ ಆಫೀಸರ್ಸ್ ಟ್ರೈನಿಂಗ್ ಅಕಾಡೆಮಿ, ಅಥವಾ ಎನ್‌ಸಿಸಿ ಸಿ ಸರ್ಟಿಫಿಕೇಟ್ ಇದ್ರೆ ರಿಟನ್ ಎಕ್ಸಾಮ್ ಇಲ್ದೇ ನೇರ ಎಸ್ಎಸ್‌ಬಿಗೆ ಹೋಗೋ ಎಂಟ್ರಿ ಇದೆ. ಎನ್‌ಸಿಸಿ ಬಿಡಬೇಡ.

ಜನರಲ್ ಆಗೋ ಮಾತಿಗೆ ಬಂದ್ರೆ, ಮೆಡಿಕಲ್ ಕೋರ್‌ನಲ್ಲಿ, ಅಂದ್ರೆ ಡಾಕ್ಟರ್‌ಗಳ ವಿಭಾಗದಲ್ಲಿ, ಪುನೀತಾ ಅರೋರಾ ಅವರು 2004ರಲ್ಲೇ ಲೆಫ್ಟಿನೆಂಟ್ ಜನರಲ್ ಆದ್ರು, ದೇಶದಲ್ಲೇ ಮೊದಲನೆಯವ್ರು. ಬೇರೆ ವಿಭಾಗಗಳಲ್ಲಿ 1992ರಿಂದ ಹೆಣ್ಮಕ್ಕಳನ್ನ ತಗೊಂಡ್ರೂ ತುಂಬಾ ವರ್ಷ ಬರೀ ಶಾರ್ಟ್ ಸರ್ವಿಸ್, ಅಂದ್ರೆ ಕೆಲವು ವರ್ಷದ ನೌಕರಿ, ಹಾಗಾಗಿ ಕರ್ನಲ್ ಬೋರ್ಡ್ ತನಕ ಹೋಗೋ ದಾರಿನೇ ಇರ್ಲಿಲ್ಲ. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಪರ್ಮನೆಂಟ್ ಕಮಿಷನ್ ಕೊಡ್ಬೇಕು, ಕಮಾಂಡ್ ಕೊಡಲ್ಲ ಅಂತ ಸಾರಾಸಗಟಾಗಿ ಹೇಳಂಗಿಲ್ಲ ಅಂತು. 2023ರಲ್ಲಿ ವಿಶೇಷ ಬೋರ್ಡ್ ಕೂತು ಹೆಣ್ಮಕ್ಕಳನ್ನ ಕರ್ನಲ್ ಮಾಡಿ ಯೂನಿಟ್ ಕೊಟ್ರು. ಎನ್‌ಡಿಎಗೆ 2022ರಲ್ಲಿ ಮೊದಲ ಬ್ಯಾಚ್ ಹೋಯ್ತು, 2025ರ ಮೇ ತಿಂಗಳಲ್ಲಿ 17 ಹುಡುಗೀರು ಪಾಸಾಗಿ ಹೊರಗೆ ಬಂದ್ರು. ಇನ್‌ಫೆಂಟ್ರಿ, ಟ್ಯಾಂಕ್ ರೆಜಿಮೆಂಟ್ ಇನ್ನೂ ತೆರೆದಿಲ್ಲ, ಆರ್ಟಿಲರಿ (ಫಿರಂಗಿ ಪಡೆ) 2023ರಲ್ಲಿ ತೆರೀತು. ಮೇಲಿನ ಕಮಾಂಡ್ ಹುದ್ದೆಗೆ ಹೋಗೋರಲ್ಲಿ ಇನ್‌ಫೆಂಟ್ರಿಯವ್ರೇ ಜಾಸ್ತಿ ಇರೋದ್ರಿಂದ ಆ ಬಾಗಿಲು ಮುಚ್ಚಿರೋದು ದೊಡ್ಡ ಅಡ್ಡಿ, ಅದನ್ನ ನಿನ್ನಿಂದ ಮುಚ್ಚಿಡಲ್ಲ. ಆದ್ರೆ 2022ರಲ್ಲಿ ಇಂಜಿನಿಯರ್ಸ್ ಕೋರ್‌ನ ಮನೋಜ್ ಪಾಂಡೆ ಚೀಫ್ ಆದ್ರು, ಅದಕ್ಕೆ ಮುಂಚೆ ಇಂಜಿನಿಯರ್ಸ್‌ನಿಂದ ಯಾರೂ ಆಗಿರ್ಲಿಲ್ಲ. ನೀನು ಬೋರ್ಡ್‌ಗೆ ಹೋಗೋ ಹೊತ್ತಿಗೆ ಇಪ್ಪತ್ತು ವರ್ಷ ಆಗಿರುತ್ತೆ. ಓದು.

ಪ್ರಶ್ನೆ: ನಾನು ಸುಬೇದಾರ್ ಆಗಿ ರಿಟೈರ್ ಆದವ್ನು, ಶಿಕಾರಿಪುರದ ಕಡೆಯವ್ನು. ಮಗ ಸಿಪಾಯಿ, ಮೂರು ವರ್ಷ ಆಯ್ತು, ಪಿಯುಸಿ ಆಗಿದೆ. ಅವನು ಆಫೀಸರ್ ಆಗೋಕೆ ದಾರಿ ಇದೆಯಾ?

ಸಾಬ್, ಇದೆ, ತಡ ಮಾಡ್ಬೇಡಿ. ಆರ್ಮಿ ಕೆಡೆಟ್ ಕಾಲೇಜ್, ಎಸಿಸಿ ಅಂತ, ಡೆಹ್ರಾಡೂನ್‌ನಲ್ಲಿ. 20ರಿಂದ 27 ವಯಸ್ಸು, ಎರಡು ವರ್ಷ ಸರ್ವಿಸ್, ಪಿಯುಸಿ. ರಿಟನ್ ಆಮೇಲೆ ಎಸ್ಎಸ್‌ಬಿ, ಪಾಸಾದ್ರೆ ಮೂರು ವರ್ಷ ಎಸಿಸಿ, ಒಂದು ವರ್ಷ ಐಎಂಎ, ಆಮೇಲೆ ಎನ್‌ಡಿಎ ಹುಡುಗನ ಪಕ್ಕದಲ್ಲೇ ನಿಂತು ಅದೇ ನಕ್ಷತ್ರ. ವಯಸ್ಸು ಸ್ವಲ್ಪ ಜಾಸ್ತಿ ಆಗಿರೋದ್ರಿಂದ ತುಂಬಾ ಮೇಲೆ ಹೋಗೋಕೆ ವರ್ಷ ಸಾಲಲ್ಲ, ಆದ್ರೆ ಎಸಿಸಿಯಿಂದ ಬಂದ ಕಂಪನಿ ಕಮಾಂಡರ್‌ಗೆ ಜವಾನನ ಕಷ್ಟ ಯಾರೂ ಹೇಳಿಕೊಡ್ಬೇಕಾಗಿಲ್ಲ, ಇದು ನಿಮಗೇ ಗೊತ್ತು. ಯೂನಿಟ್‌ನ ಎಜುಕೇಶನ್ ಹವಾಲ್ದಾರ್ ಹತ್ರ ನಾಳೆನೇ ಕೇಳಕ್ಕೆ ಹೇಳಿ. ಇಂಗ್ಲಿಷ್ ಮೇಲೆ ಗಮನ ಕೊಡ್ಲಿ, ನಮ್ಮ ಕಡೆ ಹುಡುಗ್ರು ಎಡವೋದೇ ಅಲ್ಲಿ.

ಪ್ರಶ್ನೆ: ಜನರಲ್‌ಗಳಿಗೆ ಸಂಬಳ ಎಷ್ಟು? 54ಕ್ಕೆ ರಿಟೈರ್ ಆದ್ಮೇಲೆ ಏನು ಮಾಡ್ತಾರೆ?
— ಅಡಿಕೆ ಬೆಳೆಗಾರ, ಹೊಸನಗರ

ಏಳನೇ ಪೇ ಕಮಿಷನ್ ಲೆಕ್ಕದಲ್ಲಿ ಶುರುವಿನ ಬೇಸಿಕ್ ಹೇಳ್ತೀನಿ, ಭತ್ಯೆ ಬೇರೆ. ಲೆಫ್ಟಿನೆಂಟ್ 56,100. ಲೆಫ್ಟಿನೆಂಟ್ ಕರ್ನಲ್ 1,21,200. ಮೇಜರ್ ಜನರಲ್ 1,44,200. ಚೀಫ್ 2,50,000. ಇದರಲ್ಲಿ ಒಂದು ವಿಷಯ ಗಮನಿಸಿ, ಲೆಫ್ಟಿನೆಂಟ್‌ನಿಂದ ಬ್ರಿಗೇಡಿಯರ್ ತನಕ ತಿಂಗಳಿಗೆ 15,500 ಮಿಲಿಟರಿ ಸರ್ವಿಸ್ ಪೇ ಅಂತ ಕೊಡ್ತಾರೆ, ಮೇಜರ್ ಜನರಲ್ ಆದ್ರೆ ಅದು ನಿಲ್ಲುತ್ತೆ. ಲೆಫ್ಟಿನೆಂಟ್ ಕರ್ನಲ್‌ಗೂ ಮೇಜರ್ ಜನರಲ್‌ಗೂ ಬೇಸಿಕ್‌ನಲ್ಲಿ ವ್ಯತ್ಯಾಸ 23,000, ಅದಕ್ಕೆ ಹದಿನೈದು ಇಪ್ಪತ್ತು ವರ್ಷದ ಓಟ. ದುಡ್ಡಿಗೋಸ್ಕರ ಯಾರೂ ಮೇಲೆ ಹತ್ತಲ್ಲ ಅನ್ನೋದು ಇಷ್ಟರಲ್ಲೇ ಗೊತ್ತಾಗುತ್ತೆ. ರಿಟೈರ್‌ಮೆಂಟ್‌ಗೆ ಮುಂಚೆ, ರಿಟೈರ್ ಆಗೋ ಸೈನಿಕರ ಪುನರ್ವಸತಿ ನೋಡೋ ಡಿಜಿಆರ್ ಕಡೆಯಿಂದ ಐಐಎಂಗಳಲ್ಲಿ ಆರು ತಿಂಗಳ ಮ್ಯಾನೇಜ್‌ಮೆಂಟ್ ಕೋರ್ಸ್ ಇರುತ್ತೆ, ತುಂಬಾ ಜನ ಅದು ಮಾಡಿ ಕಂಪನಿಗಳಲ್ಲಿ ಅಡ್ಮಿನಿಸ್ಟ್ರೇಶನ್, ಸೆಕ್ಯೂರಿಟಿ, ಲಾಜಿಸ್ಟಿಕ್ಸ್ ನೋಡ್ಕೋತಾರೆ. ನಾನು ತೋಟಕ್ಕೆ ಬಂದೆ. ಮೈಲುತುತ್ತ ಸುಣ್ಣ ಎರಡೂ ಕಿಲೋ ಕಿಲೋ, ನೂರು ಲೀಟರ್ ನೀರು, ಆ ಹದ ಅಮ್ಮನಿಂದಲೇ ಕಲಿತೆ.

ಪ್ರಶ್ನೆ: ಫೀಲ್ಡ್ ಮಾರ್ಷಲ್ ದೊಡ್ಡದಾ, ಸಿಡಿಎಸ್ ದೊಡ್ಡದಾ? ತಿಮ್ಮಯ್ಯನವರು ಯಾಕೆ ಫೀಲ್ಡ್ ಮಾರ್ಷಲ್ ಆಗ್ಲಿಲ್ಲ?
— ಒಂಬತ್ತನೇ ಕ್ಲಾಸ್ ವಿದ್ಯಾರ್ಥಿ, ಕೊಪ್ಪ

ಪುಟ್ಟಾ, ಫೀಲ್ಡ್ ಮಾರ್ಷಲ್ ಅನ್ನೋದು ಐದು ನಕ್ಷತ್ರದ ಗೌರವದ ರ್‍ಯಾಂಕ್, ಅದು ಸಿಕ್ಕವ್ರು ಸಾಯೋ ತನಕ ಸರ್ವಿಸ್‌ನಲ್ಲಿ ಇದ್ದ ಹಾಗೇ ಲೆಕ್ಕ. ಇಲ್ಲಿ ತನಕ ಇಬ್ರಿಗೇ ಸಿಕ್ಕಿದೆ, 1973ರಲ್ಲಿ ಮಾಣೆಕ್‌ಶಾ, 1986ರಲ್ಲಿ ನಮ್ಮ ಕಾರ್ಯಪ್ಪ. ಕಾರ್ಯಪ್ಪನವರು 1949ರ ಜನವರಿ 15ಕ್ಕೆ ಕಮಾಂಡರ್ ಇನ್ ಚೀಫ್ ಆಗಿ 1953ರಲ್ಲಿ ರಿಟೈರ್ ಆದವ್ರು, ಅವರಿಗೆ ಈ ಗೌರವ ಬಂದಾಗ 86 ವಯಸ್ಸು. ಇಲ್ಲಿ ಸಿಡಿಎಸ್ ಅಂದ್ರೆ ಆ ಎಕ್ಸಾಮ್ ಅಲ್ಲ, ಚೀಫ್ ಆಫ್ ಡಿಫೆನ್ಸ್ ಸ್ಟಾಫ್ ಅನ್ನೋ ನಾಲ್ಕು ನಕ್ಷತ್ರದ ಹುದ್ದೆ, 2020ರ ಜನವರಿ 1ಕ್ಕೆ ಬಿಪಿನ್ ರಾವತ್ ಅವರಿಂದ ಶುರು ಆಯ್ತು. ಒಂದು ರ್‍ಯಾಂಕ್, ಇನ್ನೊಂದು ಕೆಲಸ.

ತಿಮ್ಮಯ್ಯನವರು 1957ರಿಂದ 61ರ ತನಕ ಚೀಫ್, 1965ರಲ್ಲಿ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆ ಶಾಂತಿಪಡೆಯ ಕಮಾಂಡರ್ ಆಗಿದ್ದಾಗಲೇ ತೀರಿಹೋದ್ರು, ನಮ್ಮಲ್ಲಿ ಆಗ ಯಾರಿಗೂ ಆ ರ್‍ಯಾಂಕ್ ಕೊಟ್ಟಿರ್ಲೇ ಇಲ್ಲ. ನನ್ನ ಕಣ್ಣಿಗೆ ಅವರು ಚೀಫ್ ಆಗಿದ್ದಕ್ಕಿಂತ ದೊಡ್ಡದು 1948ರ ನವೆಂಬರ್ 1. ಕಾಶ್ಮೀರದ ಯುದ್ಧ, ಜೋಜಿಲಾ ಪಾಸ್, ಹನ್ನೊಂದು ಸಾವಿರ ಅಡಿ ಮೇಲೆ, ಹಿಮ, ಅಷ್ಟು ಎತ್ತರಕ್ಕೆ ಟ್ಯಾಂಕ್ ಬರುತ್ತೆ ಅಂತ ಶತ್ರು ಕನಸಲ್ಲೂ ನೆನೆಸಿರ್ಲಿಲ್ಲ. ಮೇಜರ್ ಜನರಲ್ ಆಗಿದ್ದ ತಿಮ್ಮಯ್ಯನವರು ಹೆಡ್‌ಕ್ವಾರ್ಟರ್ಸ್‌ನಲ್ಲಿ ಕೂರದೆ ಮುಂದಿನ ಟ್ಯಾಂಕ್‌ನಲ್ಲೇ ಹೋದ್ರು. ದಸರಾ ರಜೆಗೆ ಅಪ್ಪನ ಹತ್ರ ಕೇಳಿ ಮಡಿಕೇರಿಗೆ ಹೋಗು, ಅವರ ಮನೆ ಸನ್ನಿ ಸೈಡ್ ಈಗ ಮ್ಯೂಸಿಯಂ ಆಗಿದೆ, ನಿಧಾನಕ್ಕೆ ಒಂದೊಂದೇ ನೋಡು, ಬಂದ್ಮೇಲೆ ಏನು ನೋಡ್ದೆ ಅಂತ ನನಗೆ ಬರಿ.